ಮಕ್ಕಳ ಕ್ಯಾನ್ಸರ್ ಚಿಕಿತ್ಸೆ: ಜೊತೆಗಿರುವವರು ಮಾಡಬೇಕಾದ್ದು, ಮಾಡಬಾರದ್ದು

ಸಕಲೇಶಪುರ, ಆಲೂರು ತಾಲ್ಲೂಕುಗಳ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು, ತೋಟದ ರೈಟರ್‌ಗಳು ಮತ್ತು ಸ್ವಯಂಸೇವಕರ ಗಮನಕ್ಕೆ

ಹೆತ್ತೂರು, ಯಸಳೂರು ಕಡೆಯ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ 200 ಕಿಲೋಮೀಟರಿಗೂ ಹೆಚ್ಚು ದಾರಿ. ಯಾವ ಕೌಂಟರ್, ಯಾವ ಕಾಗದ, ಮುಂದಿನ ತಾರೀಖು ಯಾವುದು ಎಂದು ಹೇಳಿ, ಮನೆಯವರ ಜೊತೆ ಕೊನೆತನಕ ನಿಲ್ಲುವವರೇ ಪೇಷಂಟ್ ನ್ಯಾವಿಗೇಟರ್. ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಯಲ್ಲಿ 1990ರಲ್ಲಿ ಡಾ. ಹೆರಾಲ್ಡ್ ಫ್ರೀಮನ್ ಬಡ ಮಹಿಳೆಯರಿಗಾಗಿ ಶುರುಮಾಡಿದ ಪದ್ಧತಿ ಇದು. ಇಲ್ಲಿ ಈ ಕೆಲಸಕ್ಕೆ ಯಾರು ಇಳಿದರೂ ಗುರಿ ಒಂದೇ: ಮಗುವಿನ ಚಿಕಿತ್ಸೆ ನಡುವೆ ನಿಲ್ಲಬಾರದು.

ಮಾಡಬೇಕಾದ್ದು

1. ಬಿಡದ ಜ್ವರ, ಮೈ ಬಿಳುಚಿಕೊಳ್ಳುವುದು, ಚರ್ಮದ ಮೇಲೆ ಕೆಂಪು ಚುಕ್ಕೆ, ಮೂಳೆ ನೋವು, ಗಂಟು, ಬೆಳಗಿನ ತಲೆನೋವಿನೊಂದಿಗೆ ವಾಂತಿ, ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು: ಇವುಗಳಲ್ಲಿ ಒಂದು ಕಂಡರೂ ಮಗುವನ್ನು ತಡಮಾಡದೆ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೋ ಆಲೂರು ತಾಲ್ಲೂಕು ಆಸ್ಪತ್ರೆಗೋ ಕಳಿಸಿ.

2. ಹೊರಡುವ ಮುಂಚೆಯೇ ಪಡಿತರ ಚೀಟಿ, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೈಗೆ ಕೊಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ತೋಟಕ್ಕೆ ಹೊರರಾಜ್ಯದಿಂದ ಬಂದವರಾದರೆ ಅವರ ಊರಿನ ಆಯುಷ್ಮಾನ್ ಕಾರ್ಡ್ ಇದೆಯೇ ಕೇಳಿ.

3. ಕಾಗದಗಳನ್ನೆಲ್ಲ ಒಂದೇ ಫೈಲಿನಲ್ಲಿ ಸೇರಿಸಿ, ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಇಡಿಸಿ. ಆಷಾಢದ ಮಳೆಯಲ್ಲಿ ನೆನೆದ ರಿಪೋರ್ಟು ಓದಲು ಬರುವುದಿಲ್ಲ. ಪ್ರತಿ ಹಾಳೆಯ ಫೋಟೋ ನಿಮ್ಮ ಮೊಬೈಲಿನಲ್ಲಿರಲಿ.

4. ಲೈನಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಅಪ್ಪ ಅಮ್ಮನ ನಂಬರಿನ ಜೊತೆಗೆ ರೈಟರ್, ಅಂಗಡಿಯವರು, ಶಾಲೆಯ ಮೇಷ್ಟ್ರು ಇವರ ನಂಬರನ್ನೂ ಬರೆದುಕೊಳ್ಳಿ.

5. ರೈಲು ರಿಯಾಯಿತಿ ಫಾರಂಗೆ ಆಸ್ಪತ್ರೆಯಲ್ಲಿ ಸಹಿ ಮಾಡಿಸಿ. ಸ್ಲೀಪರ್‌ನಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಗಿರುವ ಒಬ್ಬರಿಗೆ ಶೇ. 75 ರಿಯಾಯಿತಿ ಉಂಟು. ಉಳಿಯಲು ಧರ್ಮಶಾಲೆಯಲ್ಲಿ ಜಾಗ ಇದೆಯೇ ಎಂದು ಮೊದಲೇ ವಿಚಾರಿಸಿ.

6. ಮನೆಯಲ್ಲಿ ಥರ್ಮಾಮೀಟರ್ ಇರಲಿ, ಓದಲು ತಾಯಿಗೆ ಕಲಿಸಿ. ಕೀಮೋ ನಡೆಯುತ್ತಿರುವ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು ಸ್ಥಿತಿ. ರಾತ್ರಿಯಾದರೂ 108 ಆಂಬುಲೆನ್ಸಿಗೆ ಕರೆಮಾಡಿ, ಫೈಲ್ ಸಮೇತ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ತಲುಪಿದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರುವಾಗಬೇಕು. ಕ್ಯಾನ್ಸರ್ ವಿಭಾಗಕ್ಕೂ ತಿಳಿಸಿ.

ಮಾಡಬಾರದ್ದು

1. ‘ಮಗು ಚೆನ್ನಾಗಿದೆಯಲ್ಲ’ ಎಂದು ಚಿಕಿತ್ಸೆ ಬಿಡಲು ಬಿಡಬೇಡಿ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿನಲ್ಲಿ ಮೊದಲ ತಿಂಗಳಿಗೇ ಜ್ವರ ಬಿಟ್ಟು, ಮಗು ಆಡತೊಡಗುತ್ತದೆ. ರೋಗ ಹೋಗಿರುವುದಿಲ್ಲ, ಅಡಗಿರುತ್ತದೆ. ಪೂರ್ಣ ಚಿಕಿತ್ಸೆ ಎರಡರಿಂದ ಮೂರು ವರ್ಷ ಎಂದು ಮೊದಲ ದಿನವೇ ಹೇಳಿ.

2. ‘ಕಾಫಿ ಕೊಯ್ಲು ಮುಗಿಯಲಿ’ ಎಂಬ ಮಾತಿಗೆ ಒಪ್ಪಬೇಡಿ. ಮುಂಗಡ ಬಾಕಿ ಇದೆ ಎಂದು ಯಾವ ಮಾಲೀಕರೂ ತಾಯ್ತಂದೆಯರನ್ನು ತಡೆಯಕೂಡದು. ಅಡ್ಡಿಯಿದ್ದರೆ ನೀವೇ ಹೋಗಿ ಮಾತಾಡಿ.

3. ‘ಹೆಣ್ಣು ಮಗು, ಅಷ್ಟು ಖರ್ಚು ಏಕೆ’ ಎಂಬ ಮಾತಿಗೆ ತಲೆಯಾಡಿಸಬೇಡಿ.

4. ರೋಗ ಪತ್ತೆಯಾಗುವ ಮುಂಚೆ ಸ್ಟೆರಾಯ್ಡ್ ಕೊಡಿಸಬೇಡಿ. ರಕ್ತದ ಕ್ಯಾನ್ಸರ್ ಇದ್ದರೆ ಅದು ಮರೆಯಾಗಿ ಪರೀಕ್ಷೆ ದಾರಿ ತಪ್ಪುತ್ತದೆ. ಕೀಮೋ ಜೊತೆಗೆ ನಾಟಿ ಔಷಧಿ ಬೇಡ, ಲಿವರ್ ಕೆಡಬಹುದು.

5. ಕ್ಯಾನ್ಸರ್ ವೈದ್ಯರನ್ನು ಕೇಳದೆ ಚಿಕಿತ್ಸೆಯಲ್ಲಿರುವ ಮಗುವಿಗೆ ಪೋಲಿಯೊ ಹನಿಯನ್ನಾಗಲಿ ದಡಾರ ಲಸಿಕೆಯನ್ನಾಗಲಿ ಹಾಕಬೇಡಿ. ಅಣ್ಣ ತಮ್ಮ, ಅಕ್ಕ ತಂಗಿಯರ ಹನಿಯ ಬಗ್ಗೆಯೂ ಕೇಳಿ.

6. ನಸುಕಿನಲ್ಲಿ ಮಗುವನ್ನು ಎತ್ತಿಕೊಂಡು ತೋಟದ ದಾರಿಯಲ್ಲಿ ಬಸ್ಸಿಗೆ ನಡೆಯಲು ಹೇಳಬೇಡಿ. ಆನೆ ಓಡಾಡುವ ಕಡೆ ಆಟೊ, ಜೀಪು ಹಿಂದಿನ ದಿನವೇ ಗೊತ್ತುಮಾಡಿ.

7. ಮಳೆಗಾಲದಲ್ಲಿ ರೈಲನ್ನೊಂದೇ ನಂಬಬೇಡಿ. 2024ರ ಜುಲೈನಲ್ಲಿ ಎಡಕುಮೇರಿ ಬಳಿ ಗುಡ್ಡ ಕುಸಿದು ಮಂಗಳೂರಿನಿಂದ ಬರುವ ರೈಲುಗಳು ನಿಂತಿದ್ದವು. ಹಾಸನದ ಬಸ್ಸಿನ ಸಮಯವನ್ನೂ ಬರೆದಿಡಿ.

8. ಮನೆಯವರಿಂದ ಹಣ ಪಡೆಯಬೇಡಿ. ಅವರು ಒಪ್ಪದೆ ಮಗುವಿನ ಫೋಟೋ ವಾಟ್ಸ್‌ಆ್ಯಪ್‌ಗೆ ಹಾಕಬೇಡಿ.

9. ಔಷಧಿಯ ಪ್ರಮಾಣ, ‘ಬದುಕುತ್ತದೋ ಇಲ್ಲವೋ’ ಎಂಬ ಪ್ರಶ್ನೆ, ಇವಕ್ಕೆ ನೀವು ಉತ್ತರಿಸಬೇಡಿ. ಪ್ರಶ್ನೆಯನ್ನು ಬರೆದುಕೊಂಡು ವೈದ್ಯರ ಮುಂದಿಡಿ.

ಬರಬೇಕಾದ ತಾರೀಖಿಗೆ ಮಗು ಆಸ್ಪತ್ರೆಗೆ ಬರಲಿಲ್ಲವೆಂದರೆ ಅದೇ ದಿನ ಫೋನ್ ಮಾಡಿ. ಫೋನ್ ಸಿಗದಿದ್ದರೆ ಮರುದಿನ ಮನೆಗೆ ಹೋಗಿ. ಬೈಯಬೇಡಿ. ಏನು ಅಡ್ಡಿಯಾಯಿತು ಎಂದು ಕೇಳಿ, ಹೊಸ ತಾರೀಖು ಗೊತ್ತುಮಾಡಿಕೊಂಡೇ ಹಿಂದಿರುಗಿ.