ಪೈಲಟ್ ವೈದ್ಯಕೀಯ ಪರೀಕ್ಷೆ: ಔಷಧಿ ಚೀಟಿ ಮುಚ್ಚಿಡಬೇಡಿ

ಏರ್ ಡೆಕ್ಕನ್ ಮೂಲಕ 2003ರಲ್ಲಿ ಅಗ್ಗದ ವಿಮಾನಯಾನಕ್ಕೆ ದಾರಿ ಮಾಡಿಕೊಟ್ಟ ಕ್ಯಾಪ್ಟನ್ ಗೋಪಿನಾಥ್ ಅದಕ್ಕೂ ಮೊದಲು ಬೇಸಾಯ ಮಾಡಿದ್ದು ಅರಸೀಕೆರೆ ತಾಲ್ಲೂಕಿನ ಜಾವಗಲ್ ಬಳಿ. ಅರಸೀಕೆರೆ, ಬೇಲೂರು, ಹಳೇಬೀಡಿನ ಹುಡುಗ ಹುಡುಗಿಯರು ಇಂದು ಪೈಲಟ್ ಆಗಲು ಹೊರಟರೆ ಮೊದಲು ದಾಟಬೇಕಾದದ್ದು ವೈದ್ಯಕೀಯ ಪರೀಕ್ಷೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಮಾನ್ಯತೆ ಇರುವ ವೈದ್ಯರ ಬಳಿ ಮೊದಲು ಕ್ಲಾಸ್ 2 ಪರೀಕ್ಷೆ, ಆಮೇಲೆ ಕ್ಲಾಸ್ 1. ಕ್ಲಾಸ್ 1 ನಡೆಯುವ ಕೇಂದ್ರಗಳಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಕೂಡ ಒಂದು. ಅಲ್ಲಿ ಹಲವರನ್ನು ತಡವರಿಸುವಂತೆ ಮಾಡುವ ಪ್ರಶ್ನೆ, ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ ಎಂಬುದು. ಇದ್ದದ್ದನ್ನು ಇದ್ದಂತೆ ಹೇಳುವುದು ಧರ್ಮವಷ್ಟೇ ಅಲ್ಲ, ಪ್ರಮಾಣಪತ್ರಕ್ಕೆ ಅದೇ ನೇರ ದಾರಿ.

ಮೊದಲ ಹಂತ, ಪಟ್ಟಿ. ಬಿಪಿ, ಥೈರಾಯ್ಡ್, ಅಲರ್ಜಿ ಮಾತ್ರೆಗಳ ಜೊತೆಗೆ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡ ಕೆಮ್ಮಿನ ಸಿರಪ್, ಹೋಮಿಯೋಪಥಿ ಹನಿ, ಆಯುರ್ವೇದದ ಅರಿಷ್ಟ, ಜಿಮ್ ಪುಡಿ ಎಲ್ಲವನ್ನೂ ಬರೆಯಿರಿ. ಹೆಸರು ನೆನಪಿಲ್ಲದಿದ್ದರೆ ಖಾಲಿ ಸ್ಟ್ರಿಪ್ಪನ್ನೇ ಒಯ್ಯಿರಿ. ಎರಡನೆಯದು, ನಿಮ್ಮ ವೈದ್ಯರಿಂದ ಪತ್ರ: ಯಾವ ಕಾಯಿಲೆ, ಎಷ್ಟು ಡೋಸ್, ಎಂದಿನಿಂದ, ಈಗ ಹತೋಟಿಯಲ್ಲಿದೆಯೇ, ಅಡ್ಡಪರಿಣಾಮ ಉಂಟೇ. ಇತ್ತೀಚಿನ ರಿಪೋರ್ಟುಗಳನ್ನೂ ಜೋಡಿಸಿ. ಮೂರನೆಯದು, ಪರೀಕ್ಷೆ ಬಂತೆಂದು ಮಾತ್ರೆ ನಿಲ್ಲಿಸಬೇಡಿ. ಬಿಪಿ ಮಾತ್ರೆ ಬಿಟ್ಟವರ ರಕ್ತದೊತ್ತಡ ಪರೀಕ್ಷೆಯ ದಿನವೇ ಏರಿ ನಿಂತೀತು. ಬದಲಾವಣೆ ಬೇಕೆಂದರೆ ಅದನ್ನು ವೈದ್ಯರೇ ಹೇಳಬೇಕು.

ಇಷ್ಟು ಸಣ್ಣದಕ್ಕೆ ಇಷ್ಟೇಕೆ ಎನ್ನುವವರುಂಟು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಅಪಘಾತಗಳಲ್ಲಿ ಸತ್ತ ಪೈಲಟ್‌ಗಳ ಪೈಕಿ ಯಾವುದಾದರೂ ಔಷಧಿಯ ಅಂಶ ಪತ್ತೆಯಾದವರು 1990ರಲ್ಲಿ ಸುಮಾರು ಶೇ 10 ಇದ್ದರೆ, 2012ರ ಹೊತ್ತಿಗೆ ಸುಮಾರು ಶೇ 40. ಮಂಪರು ತರಬಲ್ಲ ಔಷಧಿಗಳಲ್ಲಿ ಹೆಚ್ಚಾಗಿ ಕಂಡದ್ದು ಡೈಫೆನ್‌ಹೈಡ್ರಮೈನ್, ಅಂದರೆ ಅಲರ್ಜಿಗೂ ಕೆಮ್ಮಿಗೂ ಬಳಸುವ ಸಾಮಾನ್ಯ ಮದ್ದು. ಔಷಧಿಯೇ ಅಪಘಾತ ತಂದಿತೆಂದು ಇದರಿಂದ ಸಾಬೀತಾಗುವುದಿಲ್ಲ, ಆದರೆ ‘ಸಣ್ಣ ಮದ್ದು’ ಎಂಬ ಉಡಾಫೆ ಸಲ್ಲದು ಎಂಬುದಂತೂ ಖಚಿತ. ನಮ್ಮಲ್ಲೂ 2022ರ ಜನವರಿ 31ರಿಂದ ಪೈಲಟ್‌ಗಳಿಗೆ ಮಾದಕ ವಸ್ತು ಪರೀಕ್ಷೆ ಇದೆ. ಕೋಡೀನ್ ಇರುವ ಸಿರಪ್, ಕೆಲವು ನಿದ್ದೆ ಮಾತ್ರೆಗಳು ಅದರಲ್ಲಿ ಸಿಕ್ಕಿಬೀಳುತ್ತವೆ. ಮದ್ಯಸಾರವಿರುವ ಔಷಧಿ, ಮೌತ್‌ವಾಶ್‌ಗಳಿಗೆ 2023ರ ನಿಯಮ ತಡೆ ಹಾಕಿದೆ. ಅರಿಷ್ಟ, ಆಸವಗಳಲ್ಲಿ ಮದ್ಯಸಾರವಿದೆ ಎಂಬುದನ್ನು ಮರೆಯಬೇಡಿ.

ಹೇಳಿದರೆ ಅನರ್ಹ ಮಾಡಿಬಿಡುತ್ತಾರೆ ಎಂಬ ಭಯ ಸುಳ್ಳಲ್ಲ. ಆದರೆ ಅನರ್ಹತೆ ಹಲವು ಬಾರಿ ತಾತ್ಕಾಲಿಕ: ಚಿಕಿತ್ಸೆ ಮುಗಿಸಿ ಮತ್ತೆ ಪರೀಕ್ಷೆಗೆ ಹಾಜರಾಗಬಹುದು, ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿಯೂ ಉಂಟು. ಹತೋಟಿಯಲ್ಲಿರುವ ಬಿಪಿಗೆ ಒಪ್ಪಿತ ಮಾತ್ರೆ ನುಂಗುತ್ತಲೇ ವಿಮಾನ ಹಾರಿಸುವವರಿದ್ದಾರೆ. ಖಿನ್ನತೆಯ ನಾಲ್ಕು ಔಷಧಿಗಳಿಗೆ ಅಮೆರಿಕ 2010ರಲ್ಲೇ ಷರತ್ತಿನ ಮೇಲೆ ಅನುಮತಿ ಕೊಟ್ಟಿತು. ಮುಚ್ಚಿಟ್ಟರೆ ಏನಾದೀತು ಎಂಬುದಕ್ಕೂ ಉದಾಹರಣೆಯಿದೆ: 2015ರಲ್ಲಿ ಜರ್ಮನಿಯ ವಿಮಾನ ಸಂಸ್ಥೆ ಜರ್ಮನ್‌ವಿಂಗ್ಸ್‌ನ ಸಹಪೈಲಟ್ ಕೆಲಸಕ್ಕೆ ಹೋಗಬಾರದೆಂಬ ವೈದ್ಯರ ಮಾತನ್ನು ಸಂಸ್ಥೆಗೆ ತಿಳಿಸದೆ ವಿಮಾನ ಏರಿ, ಅದನ್ನು ಬೆಟ್ಟಕ್ಕೆ ಅಪ್ಪಳಿಸಿದಾಗ 150 ಮಂದಿ ಸತ್ತರು. ಬಚ್ಚಿಟ್ಟ ಕಾಯಿಲೆಗೆ ಚಿಕಿತ್ಸೆಯೂ ಇಲ್ಲ, ಕಾವಲೂ ಇಲ್ಲ.

ಕೆಲವರಿಗೆ ನಿಜಕ್ಕೂ ಬಾಗಿಲು ಮುಚ್ಚಬಹುದು. ಅದಕ್ಕೇ ಕೊನೆಯ ಹಂತ: ತೆಂಗಿನ ತೋಟ ಅಡವಿಟ್ಟು ತರಬೇತಿ ಶುಲ್ಕ ಕಟ್ಟುವ ಮೊದಲೇ ಕ್ಲಾಸ್ 1 ಮುಗಿಸಿಕೊಳ್ಳಿ. ಉತ್ತರ ಏನೇ ಬರಲಿ, ಮನೆಯವರ ದುಡ್ಡು ಕೈಯಲ್ಲಿರುವಾಗಲೇ ಬರಲಿ.