ಬೆರಳ ತುದಿಗೆ ಬಂದ ರೇಸು: ಜೂಜಿನ ಚಟವೂ ಒಂದು ಕಾಯಿಲೆ

ಮೆಣಸಿನಕಾಯಿ ಮಾರಿ ಕೈಯಲ್ಲಿ ದುಡ್ಡು ಓಡಾಡುವ ದಿನಗಳಲ್ಲಿ ಕದರಮಂಡಲಗಿಯಂಥ ಊರಿನ ದವಾಖಾನೆಗೂ ಒಂದು ಬಗೆಯ ರೋಗಿಗಳು ಬರುತ್ತಾರೆ. ನಿದ್ರೆಯಿಲ್ಲ, ಎದೆ ಡವಗುಟ್ಟುತ್ತದೆ, ಹೊಟ್ಟೆಯುರಿ ಎನ್ನುತ್ತಾರೆ. ರಕ್ತದೊತ್ತಡ, ಇಸಿಜಿ ಸರಿಯಾಗಿಯೇ ಇರುತ್ತವೆ. ರಾತ್ರಿ ಎಷ್ಟು ಹೊತ್ತು ಮೊಬೈಲ್ ನೋಡುತ್ತೀರಿ ಎಂದು ಕೇಳಿದಾಗ ಬಾಜಿ ಕಟ್ಟುವ ಚಟ ಹೊರಬೀಳುತ್ತದೆ. ಜೂಜು ಹಳೆಯದೇ. ಹೊಸದೆಂದರೆ ಅದರ ವೇಗ.

ಬಿಡುವು ಮಾಯವಾದ ಬಗೆ

ಹಿಂದೆ ಕುದುರೆ ಜೂಜಾಡಲು ಸಾಮಾನ್ಯವಾಗಿ ಬೆಂಗಳೂರು ಇಲ್ಲವೆ ಮೈಸೂರಿನ ರೇಸ್‌ಕೋರ್ಸಿಗೆ ಹೋಗಿ, ಸಾಲಿನಲ್ಲಿ ನಿಂತು ಟಿಕೆಟ್ ಪಡೆಯಬೇಕಿತ್ತು. ಒಂದು ಓಟಕ್ಕೂ ಇನ್ನೊಂದಕ್ಕೂ ಸುಮಾರು ಅರ್ಧ ಗಂಟೆ ಬಿಡುವು. ಕಟ್ಟಿದ ಹಣವನ್ನೆಲ್ಲ ಕೂಡಿಸಿ ಲೆಕ್ಕ ಹಾಕುವ ಸ್ವಯಂಚಾಲಿತ ಟೋಟಲೈಜೇಟರ್ ಯಂತ್ರ 1913ರಲ್ಲಿ ನ್ಯೂಜಿಲೆಂಡಿನಲ್ಲಿ ಬಳಕೆಗೆ ಬಂತು. ಆ ಬಳಿಕ ಕಂಪ್ಯೂಟರ್ ಬಂತು, ಈಗ ಮೊಬೈಲ್. ಲೆಕ್ಕ ಮಾತ್ರ ಅದೇ: ಕ್ಲಬ್ಬಿನ ಪಾಲು, ತೆರಿಗೆ ಕಳೆದು ಉಳಿದದ್ದು ಗೆದ್ದವರಿಗೆ. ಅಂದರೆ ಆಡುವವರೆಲ್ಲ ಸೇರಿ ಕಟ್ಟಿದ್ದಕ್ಕಿಂತ ಕಡಿಮೆಯನ್ನೇ ಮರಳಿ ಪಡೆಯುತ್ತಾರೆ. ಕೆಲವು ಆ್ಯಪ್‌ಗಳಲ್ಲಂತೂ ಕಂಪ್ಯೂಟರ್ ಸೃಷ್ಟಿಸಿದ ಕುದುರೆ, ನಾಯಿಗಳ ಓಟ ಹಗಲಿರುಳೂ ಕೆಲವೇ ನಿಮಿಷಗಳಿಗೊಮ್ಮೆ ನಡೆಯುತ್ತದೆ.

ಮೆದುಳಿನಲ್ಲಿ ಆಗುವುದೇನು?

ಗೆಲ್ಲಬಹುದೆಂಬ ನಿರೀಕ್ಷೆಯೇ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತದೆ. ಸ್ವಲ್ಪದರಲ್ಲಿ ಸೋತರೂ ಆಸೆ ಕೆರಳುತ್ತದೆ. ಬಾಜಿ ಮತ್ತು ಫಲಿತಾಂಶದ ನಡುವಣ ಅಂತರ ಕಡಿಮೆಯಾದಷ್ಟೂ ವಿವೇಕ ಮರಳಲು ಸಮಯ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ, 2022ರಿಂದ ಜಾರಿಯಲ್ಲಿರುವ ರೋಗಪಟ್ಟಿಯಲ್ಲಿ ಜೂಜಿನ ಚಟವು ಮದ್ಯವ್ಯಸನದ ಸಾಲಿನಲ್ಲಿಯೇ ಇದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಮಿಪೆಕ್ಸೋಲ್‌ನಂಥ ಔಷಧಿಯಿಂದಲೂ ಕೆಲವರಲ್ಲಿ ಈ ಗೀಳು ಹುಟ್ಟಬಹುದು. ಅಂಥವರು ಔಷಧಿಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಮನೆಯವರು ಗಮನಿಸಬೇಕಾದ ಲಕ್ಷಣಗಳು

ಮೊಬೈಲ್ ಬಚ್ಚಿಡುವುದು, ಸುಳ್ಳು ಹೇಳಿ ಸಾಲ ಮಾಡುವುದು, ಮನೆಯ ಒಡವೆ ಕಾಣೆಯಾಗುವುದು, ಆಡದಿದ್ದರೆ ಸಿಡುಕು, ಸೋತದ್ದನ್ನು ಆಡಿಯೇ ಮರಳಿ ಪಡೆಯುವ ಹಟ.

ಪರಿಹಾರ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಆದರೆ ಕಾನೂನಿನಿಂದ ಮಾತ್ರ ಚಟ ವಾಸಿಯಾಗದು. ಕಳೆದುಹೋದ ಆ ಬಿಡುವನ್ನು ಮನೆಯವರೇ ಮರಳಿ ತರಬೇಕು. ರೋಗಿಯ ಒಪ್ಪಿಗೆಯಿಂದ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು ಮತ್ತೊಬ್ಬರ ಕೈಯಲ್ಲಿರಲಿ, ಮೊಬೈಲಿನಿಂದ ಹಣ ಕಳಿಸುವ ಮಿತಿಯನ್ನು ತಗ್ಗಿಸಿ, ಆ್ಯಪ್‌ಗಳನ್ನು ತೆಗೆಸಿ. ಸಾಲ ತೀರಿಸಲೆಂದು ಅವರ ಕೈಗೆ ನಗದು ಕೊಡಬೇಡಿ. ಬೈದು, ಹೀಯಾಳಿಸಿದರೆ ಅವರು ಇನ್ನಷ್ಟು ಮುಚ್ಚಿಡುತ್ತಾರೆ.

ಆಪ್ತಸಮಾಲೋಚನೆ, ಅಗತ್ಯವಿದ್ದರೆ ಔಷಧಿಯಿಂದ ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಲಭ್ಯ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ‘ಸಾಲಕ್ಕಿಂತ ಸಾವೇ ಮೇಲು’ ಎಂಬ ಮಾತು ಬಾಯಲ್ಲಿ ಬಂದರೆ ಹಗುರವಾಗಿ ಭಾವಿಸದೆ, ಒಬ್ಬರನ್ನೇ ಬಿಡದೆ, ಕೀಟನಾಶಕವನ್ನು ಕೈಗೆ ಸಿಗದಂತೆ ಇಟ್ಟು, ಆ ದಿನವೇ ವೈದ್ಯರ ಬಳಿ ಕರೆದೊಯ್ಯಿರಿ. ಹೋದ ದುಡ್ಡನ್ನು ಇನ್ನೊಂದು ಸುಗ್ಗಿಯಲ್ಲಿ ದುಡಿಯಬಹುದು. ಹೋದ ಜೀವ ಬಾರದು.