ನೋಡುವವರ ಮುಂದೆ ಕ್ಲಚ್ ಕೈಕೊಟ್ಟರೆ?

ಪ್ರಶ್ನೆ: ನನಗೆ 36 ವರ್ಷ. ಮುಳಬಾಗಿಲು ಹತ್ತಿರದ ಹಳ್ಳಿ, ಅಂಗನವಾಡಿಯಲ್ಲಿ ಕೆಲಸ. ಯಜಮಾನರು ಬೆಂಗಳೂರಿನಲ್ಲಿರುತ್ತಾರೆ. ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕೆಂದರೂ ಮನೆಯ ಕಾರು ನಿಂತಲ್ಲೇ ನಿಂತಿರುತ್ತದೆ. ಎಲ್‌ಎಲ್ ಆಗಿ ಎರಡು ತಿಂಗಳಾಯಿತು. ಊರೊಳಗೆ ಚೆನ್ನಾಗಿಯೇ ಓಡಿಸುತ್ತೇನೆ. ಆದರೆ ಏರಿನಲ್ಲಿ ನಿಲ್ಲಿಸಿ ಹೊರಟರೆ ಗಾಡಿ ಆಫ್ ಆಗುತ್ತದೆ, ಇಲ್ಲವೇ ಹಿಂದಕ್ಕೆ ಜಾರುತ್ತದೆ. ಮುಂದಿನ ವಾರ ಡಿಎಲ್ ಟೆಸ್ಟ್. ಅಷ್ಟು ಜನ ಗಂಡಸರು ನಿಂತು ನೋಡುವಾಗ ಹೀಗಾದರೆ ನನ್ನ ಗತಿಯೇನು? 'ಸ್ವಲ್ಪ ಹೆಚ್ಚು ಕೊಡಿ, ನೀವು ಓಡಿಸೋದೇ ಬೇಡ' ಎನ್ನುತ್ತಾರೆ ಪರಿಚಯದವರೊಬ್ಬರು. ಏನು ಮಾಡಲಿ?

ಉತ್ತರ: ಗಾಡಿ ಆಫ್ ಆಗುವುದನ್ನೂ ಹಿಂದಕ್ಕೆ ಜಾರುವುದನ್ನೂ ನೀವು ಒಂದೇ ತಪ್ಪೆಂದು ಭಾವಿಸಿದ್ದೀರಿ. ಮೊದಲು ಅವೆರಡನ್ನೂ ಬೇರೆ ಮಾಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 15ನೆಯ ನಿಯಮ ಈ ಪರೀಕ್ಷೆಯದು. ಕಡಿದಾದ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಬೇಕು ಎಂದು ಅದು ಕೇಳುತ್ತದೆ. ಬ್ರೇಕ್ ಹಿಡಿದಿರುವಾಗ ಎಂಜಿನ್ ಆಫ್ ಆದರೆ ಯಾರಿಗೂ ಪೆಟ್ಟಾಗುವುದಿಲ್ಲ. ಕಾರು ಹಿಂದಕ್ಕೆ ಜಾರಿದರೆ ಹಿಂದಿರುವ ಬೈಕಿನವನಿಗೆ ಪೆಟ್ಟಾಗುತ್ತದೆ.

ಆದ್ದರಿಂದ ಈ ವಾರ ಹ್ಯಾಂಡ್‌ಬ್ರೇಕ್ ಅಭ್ಯಾಸ ಮಾಡಿ. ಏರಿನಲ್ಲಿ ನಿಂತೊಡನೆ ಅದನ್ನು ಎಳೆಯಿರಿ. ಫಸ್ಟ್ ಗೇರ್ ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾ ಬನ್ನಿ. ಎಂಜಿನ್ ಸದ್ದು ತಗ್ಗಿ ಕಾರಿನ ಮೂತಿ ಕೊಂಚ ಎದ್ದ ಜಾಗದಲ್ಲಿ ಪಾದ ನಿಲ್ಲಿಸಿ, ತುಸು ಆಕ್ಸಿಲರೇಟರ್ ಕೊಟ್ಟು ಹ್ಯಾಂಡ್‌ಬ್ರೇಕ್ ಇಳಿಸಿ. ನಡುವೆ ಆಫ್ ಆಯಿತೋ, ಬ್ರೇಕ್ ಮೇಲೆ ಪಾದ, ಹ್ಯಾಂಡ್‌ಬ್ರೇಕ್, ನ್ಯೂಟ್ರಲ್, ಮತ್ತೆ ಸ್ಟಾರ್ಟ್. ಗಾಬರಿಯಿಂದ ಎರಡೂ ಪೆಡಲ್ ಬಿಟ್ಟುಬಿಡುವುದೊಂದೇ ನೀವು ಮಾಡಬಾರದ ಕೆಲಸ.

ಇನ್ನು ಆ ದಿನದ ವಿಚಾರ. ಸ್ಲಾಟ್ ಚೀಟಿಯಲ್ಲಿ ಯಾವ ಕಚೇರಿಯ ಹೆಸರಿದೆ ಎಂದು ಈಗಲೇ ನೋಡಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಕೆಎ-07 ಕೋಲಾರ, ಕೆಎ-08 ಕೆಜಿಎಫ್. ಸಾಧ್ಯವಾದರೆ ಮೊದಲೇ ಒಮ್ಮೆ ಹೋಗಿ ಟ್ರ್ಯಾಕ್ ನೋಡಿ ಬನ್ನಿ. ಅಸಲು ಎಲ್‌ಎಲ್, ಗುರುತಿನ ಚೀಟಿ, ಶುಲ್ಕದ ರಸೀದಿ, ಕಾರಿನ ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ ಎಲ್ಲವೂ ಒಂದೇ ಚೀಲದಲ್ಲಿರಲಿ. ಹಿಂದೆ ಮುಂದೆ ಎಲ್ ಬೋರ್ಡ್ ಇರಲಿ. ಒಬ್ಬರೇ ಓಡಿಸಿಕೊಂಡು ಹೋಗಬೇಡಿ. ಎಲ್‌ಎಲ್ ಇರುವವರ ಪಕ್ಕದಲ್ಲಿ ಡಿಎಲ್ ಇರುವವರು ಕೂತಿರಬೇಕೆಂಬುದು ಕಾನೂನು. ನಂಗಲಿ ಕಡೆಯಿಂದ ಲಾರಿಗಳು ನುಗ್ಗಿ ಬರುವ ರಾಷ್ಟ್ರೀಯ ಹೆದ್ದಾರಿ 75 ನಿಮಗೆ ಬೇಕಿಲ್ಲದ ಇನ್ನೊಂದು ಪರೀಕ್ಷೆಯಾದೀತು. ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ಸೀರೆಯಾದರೆ ನೆರಿಗೆ ಪೆಡಲ್‌ಗೆ ಸಿಗದಂತೆ ಎತ್ತಿ ಉಡಿ.

ಕಾಯುವುದೇ ಹೆಚ್ಚು, ಓಡಿಸುವುದು ಸ್ವಲ್ಪ ಹೊತ್ತು. ಕರೆದಾಗ ಸೀಟು, ಕನ್ನಡಿ, ಬೆಲ್ಟ್ ಸರಿಮಾಡಿಕೊಳ್ಳದೆ ಕೀಲಿ ತಿರುಗಿಸಬೇಡಿ. ಬ್ರೇಕ್ ಇನ್‌ಸ್ಪೆಕ್ಟರ್ ಪರೀಕ್ಷೆ ಅಲ್ಲಿಂದಲೇ ಶುರು. ಕನ್ನಡಿ ನೋಡಿ ಇಂಡಿಕೇಟರ್ ಹಾಕುತ್ತೀರಾ, ಎಡಕ್ಕೆ ಇರುತ್ತೀರಾ, ಗೇರ್ ಸರಾಗವಾಗಿ ಏರಿಸಿ ಇಳಿಸುತ್ತೀರಾ, ರಿವರ್ಸ್‌ನಲ್ಲಿ ಇಕ್ಕಟ್ಟಾದ ಜಾಗಕ್ಕೆ ನುಗ್ಗಿಸುತ್ತೀರಾ ಎಂದು ಅವರು ಗಮನಿಸುತ್ತಾರೆ. ಕನ್ನಡಿ ನೋಡುವಾಗ ಬರೀ ಕಣ್ಣು ಹೊರಳಿಸದೆ ತಲೆಯನ್ನೂ ಕೊಂಚ ತಿರುಗಿಸಿ, ಅವರಿಗೆ ಗೊತ್ತಾಗಲಿ. ಹೇಳಿದ್ದು ಕೇಳಿಸದಿದ್ದರೆ 'ಇನ್ನೊಮ್ಮೆ ಹೇಳಿ ಸಾರ್' ಎನ್ನಿ. ಅದಕ್ಕೆ ಅಂಕ ಕಡಿಯುವುದಿಲ್ಲ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವಂಥ ಸ್ವಯಂಚಾಲಿತ ಟ್ರ್ಯಾಕ್ ಆದರೆ ಸೆನ್ಸರ್, ಕ್ಯಾಮೆರಾಗಳೇ ತಪ್ಪು ಹಿಡಿಯುತ್ತವೆ. ಅಲ್ಲಿ ಅವಸರ ಇನ್ನೂ ಕೆಟ್ಟದ್ದು.

ಆ ಪರಿಚಯದವರ ಮಾತನ್ನು ಬಿಟ್ಟುಬಿಡಿ. ದುಡ್ಡು ಕೊಟ್ಟು ಕಾರ್ಡ್ ತಂದ ಮಾತ್ರಕ್ಕೆ ಏರು ತಗ್ಗುವುದಿಲ್ಲ. ಅತ್ತೆ ಪಕ್ಕದಲ್ಲಿ ನರಳುತ್ತಿರುವಾಗ, ಹಿಂದೆ ಟೊಮೆಟೊ ಕ್ರೇಟು ತುಂಬಿದ ಪಿಕಪ್ ಹಾರ್ನ್ ಹೊಡೆಯುವಾಗ, ಅದೇ ಏರು ನಿಮ್ಮೆದುರು ಬರುತ್ತದೆ. ಆಗ ನಿಮ್ಮ ಬದಲು ಓಡಿಸುವವರು ಯಾರೂ ಇರುವುದಿಲ್ಲ.

ಫೇಲಾದರೆ ಏನಾಗುತ್ತದೆಂಬುದನ್ನೂ ತಿಳಿದಿರಿ. ಏಳು ದಿನ ಕಳೆದ ಮೇಲೆ ಮತ್ತೆ ಟೆಸ್ಟ್ ಕೊಡಬಹುದು, ಶುಲ್ಕ 300 ರೂಪಾಯಿ. ಮೂರು ಸಲ ಫೇಲಾದರೆ ಮಾತ್ರ 60 ದಿನ ಕಾಯಬೇಕು. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, ನಿಮಗಿನ್ನೂ ನಾಲ್ಕು ತಿಂಗಳಿದೆ. ಇದರಲ್ಲಿ ಮಾನ ಹೋಗುವಂಥದ್ದು ಏನಿದೆ? ಅಲ್ಲಿ ಸಾಲಾಗಿ ನಿಂತ ಗಂಡಸರೂ ಪರೀಕ್ಷೆಗೆ ಬಂದವರೇ. ಅವರವರ ಕ್ಲಚ್ಚಿನ ಚಿಂತೆ ಅವರವರಿಗೆ.

ನಿಮ್ಮ ಭಯ ಕಾರಿನದಲ್ಲ, ನೋಡುವವರದು ಎಂದು ನನಗನ್ನಿಸುತ್ತದೆ. ಹಾಗಾಗಿ ಒಂಟಿಯಾಗಿ ಕಲಿತರೆ ಅದು ಹೋಗದು. ನಿಮ್ಮ ಸುತ್ತ ಬೆಟ್ಟಗುಡ್ಡಗಳಿಗೇನೂ ಬರವಿಲ್ಲ. ವಾಹನ ಕಡಿಮೆ ಇರುವ ಏರೊಂದನ್ನು ಹುಡುಕಿ, ಡಿಎಲ್ ಇರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನಕ್ಕೆ ಹತ್ತು ಸಲ ನಿಲ್ಲಿಸಿ ಹೊರಡಿ. ಕೊನೆಯ ಎರಡು ದಿನ ಅಕ್ಕಪಕ್ಕದವರನ್ನೂ ಕರೆದು ರಸ್ತೆಯಂಚಿಗೆ ನಿಲ್ಲಿಸಿ. ಅವರು ನಗಲಿ, ಪುಕ್ಕಟೆ ಸಲಹೆ ಕೊಡಲಿ. ಅವರೆದುರು ಒಮ್ಮೆ ಗಾಡಿ ಆಫ್ ಆಗಿ, ನೀವು ಅದನ್ನು ಸಮಾಧಾನದಿಂದ ಸ್ಟಾರ್ಟ್ ಮಾಡಿಕೊಂಡು ಹೊರಟಿರೆಂದರೆ ಟೆಸ್ಟ್‌ಗೆ ಸಿದ್ಧರಾದಿರಿ ಎಂದೇ ಲೆಕ್ಕ.